ಶಾಲೆಯ ಗೇಟಿನ ಬಳಿ ಹೇಳದೆ ಉಳಿದ ಮಾತು: ‘ಬಿಗ್ ಲಿಟ್ಲ್ ಲೈಸ್’ ಕಾದಂಬರಿಯನ್ನು ಗೆಳತಿಯರೊಡನೆ ಓದುವ ಬಗೆ

ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರಿಗೆ ಶಾಲೆಯ ಗೇಟಿನ ಮುಂದೆ ಹತ್ತು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಯಾವ ತರಗತಿಯಲ್ಲಿ ಹೇನು ಹಬ್ಬಿದೆ, ಯಾರ ಮನೆ ಮಾರಾಟಕ್ಕಿದೆ, ಯಾವ ಟೀಚರ್ ಮುಂದಿನ ತಿಂಗಳು ರಜೆ ಹೋಗುತ್ತಾರೆ, ಎಲ್ಲವೂ ತಿಳಿದುಬಿಡುತ್ತದೆ. ಪಕ್ಕದಲ್ಲೇ ನಿಂತವಳು ನಿನ್ನೆ ರಾತ್ರಿ ಕಣ್ಣು ಮುಚ್ಚಿಲ್ಲ ಎಂಬುದು ಮಾತ್ರ ತಿಳಿಯುವುದಿಲ್ಲ. ಆಸ್ಟ್ರೇಲಿಯಾದ ಲೇಖಕಿ ಲಿಯಾನ್ ಮೊರಿಯಾರ್ಟಿ 2014ರಲ್ಲಿ ಪ್ರಕಟಿಸಿದ ‘ಬಿಗ್ ಲಿಟ್ಲ್ ಲೈಸ್’ ಈ ಹತ್ತು ನಿಮಿಷಗಳಿಂದ ಹುಟ್ಟಿದ ಕಾದಂಬರಿ.

ಸಿಡ್ನಿಯ ಪಶ್ಚಿಮ ಭಾಗದಲ್ಲಿ ನಾವು ಏಳು ಮಂದಿ ಕನ್ನಡದ ತಾಯಂದಿರು ಶನಿವಾರದ ಮಧ್ಯಾಹ್ನಗಳಲ್ಲಿ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪುಸ್ತಕ ಓದುತ್ತೇವೆ. ಓದುವುದು ಇಂಗ್ಲಿಷಿನಲ್ಲಾದರೂ ಮಾತು ಕನ್ನಡದಲ್ಲೇ. ಈ ಕಾದಂಬರಿಯನ್ನು ನಾನು ಮೊದಲು ಒಬ್ಬಳೇ ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದ್ದೆ. ಸತ್ತವರು ಯಾರು, ಸಾಯಿಸಿದವರು ಯಾರು ಎಂದು ತಿಳಿಯುವ ಅವಸರ ಹಾಗಿತ್ತು. ಬಳಗದೊಡನೆ ಎರಡನೆಯ ಸಲ ಓದಿದಾಗ ಬೇರೆಯೇ ಪುಸ್ತಕ ಕೈಗೆ ಸಿಕ್ಕಿತು. ಪ್ರತಿಯೊಬ್ಬ ತಾಯಿಗೆ ಏನು ಗೊತ್ತಿತ್ತು, ಅದನ್ನು ಯಾರ ಮುಂದೆ ಹೇಳಲಿಲ್ಲ, ಹೇಳದಿದ್ದರಿಂದ ಯಾರಿಗೆ ಪೆಟ್ಟಾಯಿತು ಎಂಬ ಲೆಕ್ಕವನ್ನು ಪುಟಪುಟವೂ ಬರೆದಿಟ್ಟ ಪುಸ್ತಕ ಅದು. ಹಾಗೆ ಓದಬೇಕೆಂದರೆ ಸ್ವಲ್ಪ ಸಿದ್ಧತೆ ಬೇಕು. ನಾವು ಎಡವಿ ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಯ ರಾತ್ರಿ ಏನಾಯಿತು ಎಂಬುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಮೊದಲು ಪ್ರತಿಗಳನ್ನು ಹೊಂದಿಸಿಕೊಳ್ಳಿ

ಎಲ್ಲರೂ ಹಣ ಕೊಟ್ಟು ಕೊಳ್ಳಬೇಕಾಗಿಲ್ಲ. ಸಿಡ್ನಿಯ ಹಲವು ಕೌನ್ಸಿಲ್ ಗ್ರಂಥಾಲಯಗಳು ಓದುಬಳಗಗಳಿಗೆಂದೇ ಒಂದೇ ಪುಸ್ತಕದ ಹಲವು ಪ್ರತಿಗಳನ್ನು ಒಂದು ಚೀಲದಲ್ಲಿ ಕಟ್ಟಿ ಎರವಲು ಕೊಡುತ್ತವೆ. ಮುಂಚೆಯೇ ಕೇಳಿ ಕಾಯ್ದಿರಿಸಬೇಕು. ಮನೆಗೆಲಸದ ನಡುವೆ ಕುಳಿತು ಓದಲು ಬಿಡುವಿಲ್ಲದವರಿಗೆ ಕ್ಯಾರೊಲಿನ್ ಲೀ ಓದಿರುವ ಧ್ವನಿಪುಸ್ತಕವಿದೆ. ನಮ್ಮಲ್ಲಿ ಇಬ್ಬರು ಅಡುಗೆ ಮಾಡುತ್ತಾ ಅದನ್ನೇ ಕೇಳಿದರು. ಆಸ್ಟ್ರೇಲಿಯಾದ ಮಾತಿನ ಏರಿಳಿತ ಕಿವಿಗೆ ಬಿದ್ದರೆ ಸಂಭಾಷಣೆಗಳಲ್ಲಿರುವ ನಗು, ಚುಚ್ಚು ಎರಡೂ ಬೇಗ ಹಿಡಿತಕ್ಕೆ ಬರುತ್ತವೆ. ಇಂಗ್ಲಿಷ್ ಕಾದಂಬರಿ ಓದಿ ಅಭ್ಯಾಸವಿಲ್ಲದವರೂ ಹೆದರಬೇಕಿಲ್ಲ. ವಾಕ್ಯಗಳು ಸರಳವಾಗಿವೆ, ಅಧ್ಯಾಯಗಳು ಚಿಕ್ಕವು.

ಆ ಶಾಲೆ ಎಂಥದ್ದೆಂದು ತಿಳಿದುಕೊಳ್ಳಿ

ಕಥೆ ನಡೆಯುವುದು ಪಿರಿವೀ ಎಂಬ ಕಲ್ಪಿತ ಊರಿನಲ್ಲಿ. ಸಿಡ್ನಿಯ ಉತ್ತರದ ಕಡಲತೀರದ ಪರ್ಯಾಯದ್ವೀಪದಲ್ಲಿ ಆ ಊರಿದೆ ಎಂದು ಲೇಖಕಿ ಕಲ್ಪಿಸಿಕೊಂಡಿದ್ದಾರೆ. ನಿಜವಾದ ಆ ಕಡಲತೀರದಲ್ಲಿ ಮ್ಯಾನ್ಲಿ, ನ್ಯಾರಬೀನ್, ಮೋನಾ ವೇಲ್, ಪಾಮ್ ಬೀಚ್ ಮುಂತಾದ ಊರುಗಳಿವೆ. ಅಲ್ಲಿಗೆ ರೈಲು ಹೋಗುವುದಿಲ್ಲ. ಬಸ್ಸಿನಲ್ಲೋ ಕಾರಿನಲ್ಲೋ ಹೋಗಬೇಕು, ಮ್ಯಾನ್ಲಿಗೆ ಫೆರ್ರಿಯೂ ಇದೆ. ಒಂದು ಭಾನುವಾರ ನಾವು ಮಕ್ಕಳನ್ನು ಕಟ್ಟಿಕೊಂಡು ಹೋಗಿಬಂದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಡುಗುಡ್ಡ, ನಡುವೆ ಸಾಲು ಮನೆಗಳು. ಅಲ್ಲಿ ಎಲ್ಲರಿಗೂ ಎಲ್ಲರೂ ಕಾಣಿಸುತ್ತಾರೆ ಎಂಬುದು ಅಲ್ಲಿ ನಿಂತಾಗ ಮೈಗೆ ತಟ್ಟಿತು. ಕಾದಂಬರಿಗೆ ಬೇಕಾದ ಊರು ಅದೇ.

ಕರ್ನಾಟಕದಲ್ಲಿ ಕುಳಿತು ಓದುವವರಿಗೆ, ಈ ದೇಶಕ್ಕೆ ಹೊಸದಾಗಿ ಬಂದವರಿಗೆ ಕೆಲವು ಸಂಗತಿ ಗೊತ್ತಿದ್ದರೆ ಅನುಕೂಲ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕಿಂಡರ್‌ಗಾರ್ಟನ್ ಎಂದರೆ ಶಾಲೆಯ ಮೊದಲ ವರ್ಷ, ನಮ್ಮ ಯುಕೆಜಿಗೆ ಹತ್ತಿರ. ಆ ವರ್ಷದ ಜುಲೈ 31ರೊಳಗೆ ಐದು ತುಂಬುವ ಮಗುವನ್ನು ಸೇರಿಸಬಹುದು. ಪಬ್ಲಿಕ್ ಸ್ಕೂಲ್ ಎಂದರೆ ಇಲ್ಲಿ ಸರ್ಕಾರಿ ಶಾಲೆಯೇ. ಕಡಲತೀರದ ಶ್ರೀಮಂತರ ಮಗುವೂ ಬಾಡಿಗೆಯ ಚಿಕ್ಕ ಮನೆಯಲ್ಲಿರುವ ಒಂಟಿ ತಾಯಿಯ ಮಗುವೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ, ಕಥೆಯ ಇಕ್ಕಟ್ಟು ಅರ್ಧಪಾಲು ಅಲ್ಲಿಂದಲೇ ಹುಟ್ಟುತ್ತದೆ. ತರಗತಿ ಶುರುವಾಗುವ ಮೊದಲೇ ಮಕ್ಕಳಿಗೆ ಶಾಲೆಯನ್ನು ಪರಿಚಯಿಸುವ ಒಂದು ದಿನವಿರುತ್ತದೆ. ಕ್ಯಾಂಟೀನಿನಲ್ಲಿ, ಓದಿನ ಸಮಯದಲ್ಲಿ ಪೋಷಕರು ಬಂದು ನೆರವಾಗುವ ರೂಢಿಯಿದೆ. ಟ್ರಿವಿಯಾ ನೈಟ್ ಎಂದರೆ ಶಾಲೆಗೆ ಹಣ ಕೂಡಿಸಲು ದೊಡ್ಡವರು ಮೇಜುಮೇಜಾಗಿ ಕುಳಿತು ಆಡುವ ರಸಪ್ರಶ್ನೆಯ ರಾತ್ರಿ. ಕಾದಂಬರಿಯಲ್ಲಿ ಆ ರಾತ್ರಿ ಹೆಂಗಸರು ಆಡ್ರಿ ಹೆಪ್‌ಬರ್ನ್ ವೇಷದಲ್ಲಿ, ಗಂಡಸರು ಎಲ್ವಿಸ್ ಪ್ರೀಸ್ಲಿ ವೇಷದಲ್ಲಿ ಬರುತ್ತಾರೆ. ಮಳೆ ಸುರಿಯುತ್ತಿರುತ್ತದೆ, ತಿಂಡಿ ಬರುವುದು ತಡವಾಗುತ್ತದೆ, ಕುಡಿತ ಏರುತ್ತದೆ, ಒಬ್ಬರು ಸಾಯುತ್ತಾರೆ. ಇಷ್ಟನ್ನು ಆರಂಭದಲ್ಲೇ ಹೇಳಿ ಲೇಖಕಿ ಆರು ತಿಂಗಳು ಹಿಂದಕ್ಕೆ ಹೋಗುತ್ತಾರೆ.

ನಾಲ್ಕು ಕೂಟಗಳಾಗಿ ಹಂಚಿಕೊಳ್ಳಿ

80ಕ್ಕೂ ಹೆಚ್ಚು ಅಧ್ಯಾಯಗಳಿವೆ. ಪುಟದ ಲೆಕ್ಕದಲ್ಲಿ ಹಂಚಿದರೆ ಕಥೆ ಕೆಟ್ಟ ಜಾಗದಲ್ಲಿ ತುಂಡಾಗುತ್ತದೆ, ಮೊದಲ ಸಲ ನಾವು ಹಾಗೆ ಮಾಡಿ ಪಶ್ಚಾತ್ತಾಪಪಟ್ಟೆವು. ಟ್ರಿವಿಯಾ ರಾತ್ರಿಗೆ ಇನ್ನೆಷ್ಟು ತಿಂಗಳು, ಇನ್ನೆಷ್ಟು ವಾರ ಎಂದು ಅಧ್ಯಾಯಗಳ ತಲೆಯಲ್ಲಿ ಎಣಿಕೆ ಇಳಿಯುತ್ತಾ ಬರುತ್ತದೆ. ಕಥೆಯ ತಿರುವು ನೋಡಿ ನಿಲ್ಲಿಸಿ. ಮೊದಲ ಕೂಟಕ್ಕೆ ಶಾಲೆಯ ಪರಿಚಯದ ದಿನ ಮುಗಿಯುವವರೆಗೆ ಓದಿ ಬನ್ನಿ. ಕಥೆಯ ಮೂವರು ಮುಖ್ಯ ತಾಯಂದಿರು ಮ್ಯಾಡೆಲಿನ್, ಜೇನ್ ಮತ್ತು ಸೆಲೆಸ್ಟ್. ಎರಡನೆಯದಕ್ಕೆ ಜೇನ್ ತನ್ನ ಮಗನ ತಂದೆಯ ವಿಷಯವನ್ನು ಮ್ಯಾಡೆಲಿನ್‌ಗೆ ಹೇಳುವವರೆಗೆ. ಮೂರನೆಯದಕ್ಕೆ ಟ್ರಿವಿಯಾ ರಾತ್ರಿಯ ಹೊಸ್ತಿಲವರೆಗೆ. ಕೊನೆಯ ಕೂಟಕ್ಕೆ ಆ ರಾತ್ರಿ ಮತ್ತು ಆಮೇಲಿನದು. ಎರಡು ಕೂಟಗಳ ನಡುವೆ ಎರಡು ವಾರವಿರಲಿ.

ಮುಂದಕ್ಕೆ ಓದಿಕೊಂಡವರು ಬಾಯಿ ಬಿಡಬಾರದು ಎಂದು ಮೊದಲೇ ಮಾತಾಗಲಿ. ಗುಟ್ಟಿನ ಕಾದಂಬರಿಯನ್ನು ಓದುವಾಗ ಗುಟ್ಟು ಕಾಪಾಡುವುದು ಎಷ್ಟು ಕಷ್ಟ ಎಂಬ ಅನುಭವವೂ ಓದಿನ ಭಾಗವೇ ಆಗುತ್ತದೆ.

ಗುಟ್ಟಿನ ಪುಟ ತೆರೆಯಿರಿ

ನಮಗೆ ಅತಿ ಹೆಚ್ಚು ಸಹಾಯವಾದದ್ದು ಇದು. ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಮೂವರು ತಾಯಂದಿರಿಗೂ ಒಂದೊಂದು ಪುಟ ಕೊಡಿ, ಅದೇ ತರಗತಿಯ ಇನ್ನಿಬ್ಬರು ತಾಯಂದಿರಾದ ರೆನಾಟಾ ಮತ್ತು ಬಾನಿಗೂ ಜಾಗ ಬಿಡಿ. ಪ್ರತಿ ಪುಟದಲ್ಲಿ ನಾಲ್ಕು ಅಂಕಣ ಎಳೆಯಿರಿ: ಮುಚ್ಚಿಟ್ಟದ್ದು ಏನು, ಯಾರಿಂದ ಮುಚ್ಚಿಟ್ಟಳು, ಸುಳಿವು ಯಾರ ಕಣ್ಣಿಗೆ ಬಿತ್ತು, ಬಿದ್ದ ಮೇಲೆ ಅವರು ಏನು ಮಾಡಿದರು.

ಮೊದಲ ಎರಡು ಅಂಕಣ ಸುಲಭವಾಗಿ ತುಂಬುತ್ತವೆ. ಮ್ಯಾಡೆಲಿನ್ ನಲವತ್ತರ ಹುಟ್ಟುಹಬ್ಬದ ದಿನ ಕಾಲು ಉಳುಕಿಸಿಕೊಂಡು ಕಥೆಯೊಳಕ್ಕೆ ಬರುವ ಜೋರು ಹೆಂಗಸು. ಸುಂದರವಾಗಿ ಅಲಂಕರಿಸಿಕೊಳ್ಳುತ್ತಾಳೆ, ಜಗಳಕ್ಕೆ ಹೆದರುವುದಿಲ್ಲ, ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾಳೆ. ಮಗು ಹುಟ್ಟಿದ ಹೊತ್ತಿನಲ್ಲೇ ಕೈಬಿಟ್ಟು ಹೋದ ಮೊದಲ ಗಂಡ ನೇಥನ್ ಈಗ ಅದೇ ಊರಿನಲ್ಲಿದ್ದಾನೆ. ಅವನ ಎರಡನೆಯ ಹೆಂಡತಿ ಬಾನಿಯ ಮಗಳು ಮ್ಯಾಡೆಲಿನ್‌ಳ ಕಿರಿಯ ಮಗಳ ತರಗತಿಯಲ್ಲೇ ಕೂರುತ್ತಾಳೆ. ಒಬ್ಬಳೇ ಕಷ್ಟಪಟ್ಟು ಸಾಕಿದ ದೊಡ್ಡ ಮಗಳು ಅಪ್ಪನ ಮನೆಗೆ ಹೋಗಿ ಇರುತ್ತೇನೆ ಎಂದಾಗ ಆಗುವ ನೋವನ್ನು ಈ ಬಾಯಿಬಡುಕಿ ಯಾರಲ್ಲೂ ನೇರವಾಗಿ ಹೇಳಿಕೊಳ್ಳಲಾರಳು. ಸಿಟ್ಟನ್ನು ಹೇಳುತ್ತಾಳೆ, ನೋವನ್ನು ಮುಚ್ಚಿಡುತ್ತಾಳೆ. ನಮ್ಮ ಬಳಗದ ಹಿರಿಯರೊಬ್ಬರು ಈ ಸಾಲನ್ನು ಪುಟದಲ್ಲಿ ಬರೆಸಿ, “ನಮ್ಮ ಅಮ್ಮನೂ ಹೀಗೇ ಇದ್ದರು” ಎಂದು ಸುಮ್ಮನಾದರು.

ಜೇನ್ ಇಪ್ಪತ್ತನಾಲ್ಕರ ಹುಡುಗಿ, ಐದು ವರ್ಷದ ಜಿಗ್ಗಿಯ ತಾಯಿ. ಅವಳು ಸದಾ ಚ್ಯೂಯಿಂಗ್ ಗಮ್ ಅಗಿಯುತ್ತಿರುತ್ತಾಳೆ. ಮೊದಲ ಓದಿನಲ್ಲಿ ಅದನ್ನು ವಯಸ್ಸಿನ ಚಟವೆಂದುಕೊಂಡು ದಾಟಿ ಹೋಗಿದ್ದೆ. ಕಾರಣ ತಿಳಿದ ಪುಟಕ್ಕೆ ಬಂದಾಗ ಹಿಂದಕ್ಕೆ ತಿರುಗಿಸಿ ಗಮ್ ಬಂದ ಜಾಗಗಳನ್ನೆಲ್ಲ ಹುಡುಕಿ ನೋಡಿ. ಒಬ್ಬ ಗಂಡಸು ಒಂದು ರಾತ್ರಿ ಆಡಿದ ಮಾತು ಆರು ವರ್ಷ ಒಬ್ಬಳ ಬಾಯೊಳಗೆ ಹೇಗೆ ಉಳಿದಿದೆ ಎಂಬುದು ಕಾಣುತ್ತದೆ. ಇಂಥ ಸಣ್ಣ ವಸ್ತುಗಳಲ್ಲಿ ಮೊರಿಯಾರ್ಟಿ ಗುಟ್ಟನ್ನು ಇಡುತ್ತಾರೆ. ಕಥೆ ಓಡುವ ವೇಗದಲ್ಲಿ ಅವು ಕಣ್ತಪ್ಪುತ್ತವೆ, ನೋಟ್‌ಬುಕ್ ಇದ್ದರೆ ತಪ್ಪುವುದಿಲ್ಲ. ಮಕ್ಕಳಿಗೆ ವಂಶವೃಕ್ಷ ಬರೆದು ತರಲು ಶಾಲೆ ಹೇಳುವ ಪ್ರಸಂಗವೂ ಅಂಥದ್ದೇ. ಟೀಚರ್ ಪಾಲಿಗೆ ಅದು ಒಂದು ಕಾಗದ, ಗೋಂದು, ನಾಲ್ಕು ಫೋಟೊ. ತಂದೆಯ ಹೆಸರಿನ ಖಾಲಿ ಚೌಕ ಜೇನ್‌ಳ ಪಾಲಿಗೆ ಏನಾಗಿರುತ್ತದೆ ಎಂದು ಆ ಪುಟದಲ್ಲಿ ನಿಂತು ಯೋಚಿಸಿ. ನಮ್ಮ ಶಾಲೆಗಳ ಪ್ರವೇಶ ಅರ್ಜಿಯಲ್ಲೂ ಮಗುವಿನ ಹೆಸರಿನ ಕೆಳಗೇ ಆ ಚೌಕ ಬರುತ್ತದೆ.

ಮೂರನೆಯ, ನಾಲ್ಕನೆಯ ಅಂಕಣಗಳು ಬಹಳ ಹೊತ್ತು ಖಾಲಿ ಉಳಿಯುತ್ತವೆ. ತುಂಬತೊಡಗಿದಾಗ ಕೋಣೆಯಲ್ಲಿ ಎಲ್ಲರೂ ಮೌನವಾಗುತ್ತಾರೆ. ಸೆಲೆಸ್ಟ್ ಸದಾ ತಡವಾಗಿ ಬರುತ್ತಾಳೆ, ಮಾತಿನ ನಡುವೆ ಎಲ್ಲೋ ಹೋಗಿಬಿಡುತ್ತಾಳೆ. ಗೆಳತಿಯರು ನೋಡುತ್ತಾರೆ. ಅವಳು ಅಷ್ಟು ಚೆಲುವೆ, ಅಷ್ಟು ಸಿರಿವಂತೆ, ಗಂಡ ಅಷ್ಟು ಪ್ರೀತಿಸುವವನು, ಆದ್ದರಿಂದ ಕೇಳಬೇಕೆಂದು ಯಾರಿಗೂ ಅನಿಸುವುದಿಲ್ಲ. ಮೂರನೆಯ ಕೂಟ ಮುಗಿಯುವ ಹೊತ್ತಿಗೆ ನಮ್ಮ ನೋಟ್‌ಬುಕ್ಕಿನಲ್ಲಿ ‘ನೋಡಿದರು, ಕೇಳಲಿಲ್ಲ’ ಎಂಬ ಒಂದೇ ಉತ್ತರ ಹನ್ನೊಂದು ಸಲ ಬಂದಿತ್ತು.

ಸಾಕ್ಷಿಗಳ ಮಾತನ್ನು ಗಟ್ಟಿಯಾಗಿ ಓದಿ

ಅಧ್ಯಾಯಗಳ ನಡುವೆ ಇತರ ಪೋಷಕರ ಹೇಳಿಕೆಗಳು ಎರಡೆರಡು ಸಾಲಿನಲ್ಲಿ ಬರುತ್ತವೆ. ಪತ್ರಕರ್ತೆಯೊಬ್ಬಳ ಮುಂದೆ ಆಡಿದ ಮಾತುಗಳು ಅವು. ಯಾವುದೋ ಫ್ರೆಂಚ್ ದಾದಿಯಿಂದಲೇ ಎಲ್ಲ ಶುರುವಾಯಿತು ಎನ್ನುವವರಿದ್ದಾರೆ, ಓದುಬಳಗದಿಂದ ಎನ್ನುವವರಿದ್ದಾರೆ, ಹೇನಿನಿಂದ ಎನ್ನುವವರೂ ಇದ್ದಾರೆ. ಗ್ರೀಕ್ ನಾಟಕದ ಮೇಳದಂತೆ ಇವರು ಕಥೆಯನ್ನು ಸುತ್ತುವರಿದು ನಿಲ್ಲುತ್ತಾರೆ. ಆ ಮೇಳಕ್ಕೆ ಎಷ್ಟೋ ಸಲ ಸತ್ಯ ಗೊತ್ತಿರುತ್ತದೆ, ಇವರಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಒಬ್ಬರ ದನಿಯಲ್ಲೂ ಅನುಮಾನವಿಲ್ಲ.

ಕಣ್ಣೋದಿನಲ್ಲಿ ಈ ಸಾಲುಗಳು ಬರಿಯ ತಮಾಷೆಯಾಗಿ ಕಾಣುತ್ತವೆ. ಹೆಸರುಗಳನ್ನು ಹಂಚಿಕೊಂಡು, ಒಬ್ಬೊಬ್ಬರು ಒಂದು ದನಿಯಾಗಿ ಓದಿ. ಇಂಗ್ಲಿಷಿನಲ್ಲಿ ಓದಿದ ಮೇಲೆ ಅದೇ ಮಾತನ್ನು ನಿಮ್ಮ ಊರಿನ ಕನ್ನಡದಲ್ಲಿ ಹೇಳಿ ನೋಡಿ. ಧಾರವಾಡದ ಗೆಳತಿ ಒಂದು ಹೇಳಿಕೆಯನ್ನು ತಮ್ಮ ಮಾತಿನಲ್ಲಿ ಹೇಳಿದಾಗ ಎಲ್ಲರೂ ನಕ್ಕೆವು. ಮೈಸೂರಿನವರು ಅದನ್ನೇ ಮೆತ್ತಗೆ, ಮರ್ಯಾದೆಯಿಂದ, “ನಮಗ್ಯಾಕೆ ಬಿಡಿ, ಆದರೂ ಕೇಳಿದ್ದು ಹೇಳುತ್ತೇನೆ” ಎಂದು ಆರಂಭಿಸಿದಾಗ ನಗು ಬರಲಿಲ್ಲ. ಆ ಪೀಠಿಕೆಯನ್ನು ನಾವೆಲ್ಲರೂ ಬಳಸಿದ್ದೇವೆ.

ಅರ್ಜಿಯ ಪ್ರಸಂಗದಲ್ಲಿ ನಿಧಾನ ಮಾಡಿ

ಪರಿಚಯದ ದಿನವೇ ರೆನಾಟಾಳ ಮಗಳು ಅಮಬೆಲಾಳ ಕುತ್ತಿಗೆಯ ಮೇಲೆ ಗುರುತು ಕಾಣುತ್ತದೆ. ಯಾರು ಮಾಡಿದ್ದು ಎಂದು ದೊಡ್ಡವರು ಎಲ್ಲ ಮಕ್ಕಳ, ಎಲ್ಲ ಪೋಷಕರ ಎದುರಿಗೇ ಕೇಳುತ್ತಾರೆ. ಆ ಪುಟ್ಟ ಹುಡುಗಿ ಜಿಗ್ಗಿಯತ್ತ ಬೆರಳು ತೋರಿಸುತ್ತಾಳೆ. ತಾನು ಮಾಡಿಲ್ಲ ಎನ್ನುತ್ತಾನೆ ಅವನು. ಅಲ್ಲಿಂದ ಮುಂದೆ ಹುಟ್ಟುಹಬ್ಬಕ್ಕೆ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಕರೆ ಹೋಗುತ್ತದೆ, ಪೋಷಕರು ಎರಡು ಪಕ್ಷಗಳಾಗುತ್ತಾರೆ, ಕೊನೆಗೆ ಅವನನ್ನು ಶಾಲೆಯಿಂದ ದೂರವಿಡಬೇಕೆಂದು ಅರ್ಜಿ ಬರೆದು ಸಹಿ ಸಂಗ್ರಹಿಸುತ್ತಾರೆ. ಐದು ವರ್ಷದ ಮಗುವಿನ ವಿರುದ್ಧ ದೊಡ್ಡವರ ಸಹಿ.

ಇಲ್ಲಿ ರೆನಾಟಾಳನ್ನು ದೂರುವುದು ಸುಲಭ, ನಮ್ಮ ಬಳಗವೂ ಮೊದಲ ಹದಿನೈದು ನಿಮಿಷ ಅದನ್ನೇ ಮಾಡಿತು. ಆಮೇಲೆ ಒಬ್ಬರು ಕೇಳಿದರು: “ನಿಮ್ಮ ಮಗಳ ಕುತ್ತಿಗೆಯ ಮೇಲೆ ಬೆರಳಿನ ಗುರುತಿದ್ದರೆ ನೀವು ಏನು ಮಾಡುತ್ತಿದ್ದಿರಿ?” ಅವಳ ಮಗುವಿಗೆ ನಿಜಕ್ಕೂ ನೋವಾಗುತ್ತಿದೆ, ಯಾರೋ ಮಾಡುತ್ತಲೇ ಇದ್ದಾರೆ, ಮಗು ಬಾಯಿ ಬಿಡುತ್ತಿಲ್ಲ. ರೆನಾಟಾ ತಪ್ಪು ಕಡೆಗೆ ನೋಡುತ್ತಿರಬಹುದು, ಆದರೆ ಅವಳ ಭಯ ನಿಜವಾದದ್ದು. ಇನ್ನೊಂದು ಕಡೆ ಜೇನ್‌ಗೆ ಯಾರಿಗೂ ಹೇಳಲಾಗದ ಭಯವಿದೆ. ಮಗನ ಮುಖ ನೋಡುತ್ತಾ, ಇವನಲ್ಲಿ ಅವನಪ್ಪನ ಕ್ರೌರ್ಯ ಇಳಿದು ಬಂದಿದೆಯೇ ಎಂದು ತನ್ನೊಳಗೇ ಕೇಳಿಕೊಳ್ಳುತ್ತಾಳೆ. ಎರಡು ತಾಯಂದಿರ ಎರಡು ಭಯಗಳು ಎದುರುಬದುರು ನಿಂತಿವೆ, ನಡುವೆ ಒಂದು ಕಾಗದ ಕೈಯಿಂದ ಕೈಗೆ ಹೋಗುತ್ತಿದೆ.

ಇಲ್ಲಿ ಪುಸ್ತಕ ಮುಚ್ಚಿ, ಪ್ರತಿಯೊಬ್ಬರೂ ಒಂದು ಪ್ರಶ್ನೆಗೆ ಉತ್ತರ ಹೇಳಿ: ನಾನು ಎಂದಾದರೂ ಬೇರೆಯವರ ಮಗುವಿನ ಬಗ್ಗೆ ಕೇಳಿದ ಮಾತನ್ನು ಮುಂದಕ್ಕೆ ಸಾಗಿಸಿದ್ದೇನೆಯೇ? ನಾನು ಸಾಗಿಸಿದ್ದೆ. ಮಗಳ ತರಗತಿಯ ಹುಡುಗನೊಬ್ಬ ಕಚ್ಚುತ್ತಾನೆ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಾಗ, ನಿಜವೋ ಸುಳ್ಳೋ ಕೇಳದೆ ಇಬ್ಬರಿಗೆ ದಾಟಿಸಿದ್ದೆ. ಒಂದು ವಾರದ ಮೇಲೆ ಆ ಹುಡುಗ ಆಟದ ಮೈದಾನದ ಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದ, ಅವನ ತಾಯಿ ಗೇಟಿನಿಂದ ದೂರ ಕಾರಿನೊಳಗೆ ಕಾಯುತ್ತಿದ್ದರು. ಹೋಗಿ ಮಾತನಾಡಿಸಲು ನನಗೆ ಧೈರ್ಯ ಬರಲಿಲ್ಲ. ಈ ಕಾದಂಬರಿಯನ್ನು ಓದದೆ ಇದ್ದಿದ್ದರೆ ಅದನ್ನು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ. ಈ ಪ್ರಶ್ನೆಗೆ ಕನಿಷ್ಠ ಅರ್ಧ ಗಂಟೆ ಮೀಸಲಿಡಿ. ಉತ್ತರ ಹೇಳಲು ಯಾರನ್ನೂ ಒತ್ತಾಯಿಸಬೇಡಿ.

ಸೆಲೆಸ್ಟ್ ಮನೆಯ ಬಾಗಿಲು ತೆರೆಯುವ ಮುನ್ನ

ಓದದವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ ಬಳಗವನ್ನು ನಡೆಸುವವರು ತಿಳಿದಿರಲೇಬೇಕು. ಸೆಲೆಸ್ಟ್‌ಳ ಗಂಡ ಪೆರ್ರಿ ಅವಳನ್ನು ಹೊಡೆಯುತ್ತಾನೆ. ಅವಳು ಹಿಂದೆ ವಕೀಲೆಯಾಗಿದ್ದವಳು, ಕಾನೂನು ಬಲ್ಲವಳು. ಹೊಡೆತದ ಮಾರನೆಯ ದಿನ ಉಡುಗೊರೆ ಬರುತ್ತದೆ. ತಾನೂ ತಿರುಗಿ ಕೈ ಎತ್ತಿದ್ದೇನಲ್ಲ, ಹಾಗಾಗಿ ಇದು ಇಬ್ಬರ ಜಗಳ, ತನ್ನಂಥವಳಿಗೆ ಕೌಟುಂಬಿಕ ಹಿಂಸೆ ಎಂಬ ಹೆಸರು ಅನ್ವಯಿಸುವುದಿಲ್ಲ ಎಂದು ಲೆಕ್ಕ ಹಾಕಿಕೊಳ್ಳುತ್ತಾಳೆ. ಅವಳಿ ಗಂಡುಮಕ್ಕಳಿಗೆ ಏನೂ ಗೊತ್ತಿಲ್ಲ ಎಂದು ನಂಬಿದ್ದಾಳೆ. ಆ ನಂಬಿಕೆ ಬರುವ ಪುಟಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಇಡಿ, ಕೊನೆಯ ಕೂಟದಲ್ಲಿ ಬೇಕಾಗುತ್ತದೆ.

ಈ ಕಾದಂಬರಿಯ ಹೃದಯ ಸೆಲೆಸ್ಟ್‌ಳ ಅಧ್ಯಾಯಗಳೇ ಎಂಬುದು ನನ್ನ ಖಚಿತ ಅಭಿಪ್ರಾಯ. ಇವುಗಳ ಬಗ್ಗೆ ಮಾತನಾಡುವಾಗ ಮೊದಲು ಎದುರಾಗುವ ತೊಡಕು ಭಾಷೆಯದು. ‘ಕೌಟುಂಬಿಕ ಹಿಂಸೆ’ ಎಂಬುದು ಪತ್ರಿಕೆಯ, ಕಾನೂನಿನ ಮಾತು. ಮನೆಯೊಳಗೆ ಯಾರೂ ಹಾಗೆನ್ನುವುದಿಲ್ಲ. “ಅವರಿಗೆ ಸ್ವಲ್ಪ ಕೋಪ ಜಾಸ್ತಿ” ಎನ್ನುತ್ತೇವೆ. “ಒಂದೆರಡು ಸಲ ಕೈ ಮಾಡಿದ್ದಾರೆ, ಆಮೇಲೆ ಅವರೇ ಬೇಜಾರು ಮಾಡಿಕೊಂಡರು” ಎನ್ನುತ್ತೇವೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹೇಳಿ ಮುಗಿಸುತ್ತೇವೆ. ಸೆಲೆಸ್ಟ್‌ಳ ಮನೆಯಲ್ಲೂ ಉಂಡು ಮಲಗುತ್ತಾರೆ, ಮಾರನೆಯ ಬೆಳಗ್ಗೆ ಎಲ್ಲವೂ ಸುಂದರವಾಗಿರುತ್ತದೆ. ಆ ಗಾದೆ ಯಾವ ಜಗಳಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂದು ಕೂಟದಲ್ಲಿ ಮಾತನಾಡಿ. ನಾವು ಒಂದು ಕಾಗದದಲ್ಲಿ ಇಂಥ ಮುಚ್ಚುಮಾತುಗಳನ್ನೆಲ್ಲ ಬರೆದೆವು, ಇಪ್ಪತ್ತಕ್ಕೂ ಹೆಚ್ಚು ಸಿಕ್ಕವು. ಇಂಗ್ಲಿಷ್ ಕಾದಂಬರಿ ಅಲ್ಲಿಂದ ಮುಂದೆ ನಮಗೆ ಪರದೇಶದ್ದಾಗಿ ಉಳಿಯಲಿಲ್ಲ.

ಕೂಟಕ್ಕೆ ಕೆಲವು ಕಟ್ಟುಪಾಡುಗಳಿರಲಿ. ಅವಳು ಏಕೆ ಬಿಟ್ಟು ಹೋಗಲಿಲ್ಲ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದನ್ನು ತಡೆಯಬೇಡಿ, ಆದರೆ ಅವಳು ಹೊರಡಲು ಏನೇನು ಮಾಡಿಕೊಳ್ಳಬೇಕಾಯಿತು ಎಂದು ತಿರುಗಿಸಿ ಕೇಳಿ. ಆಪ್ತ ಸಲಹೆಗಾರ್ತಿಯ ಬಳಿ ಹೋಗಿ ಕುಳಿತಳು, ಗುಟ್ಟಾಗಿ ಒಂದು ಮನೆ ಬಾಡಿಗೆಗೆ ಹಿಡಿದಳು, ಆ ಮನೆಗೆ ಒಂದೊಂದೇ ಸಾಮಾನು ಹೊಂದಿಸಿದಳು. ಹೆಂಗಸೊಬ್ಬಳು ಸುರಕ್ಷಿತವಾಗಿ ಹೊರಬರಲು ಯೋಜನೆ ಬೇಕು, ಹೊರಡುವ ಹೊತ್ತೇ ಅತಿ ಅಪಾಯದ ಹೊತ್ತು ಎಂಬುದನ್ನು ಆ ಅಧ್ಯಾಯಗಳು ಯಾವ ಭಾಷಣವೂ ಇಲ್ಲದೆ ಕಲಿಸುತ್ತವೆ. ಬಳಗದಲ್ಲಿರುವ ಯಾರ ಸಂಸಾರವನ್ನೂ ಉದಾಹರಣೆಗೆ ಎಳೆಯಬೇಡಿ. ಕೂಟದಲ್ಲಿ ಆಡಿದ ಮಾತು ಯಾರ ಗಂಡನ ಕಿವಿಗೂ ಹೋಗಬಾರದು. ಗಂಡಂದಿರು ಪಕ್ಕದ ಕೋಣೆಯಲ್ಲಿ ಕ್ರಿಕೆಟ್ ನೋಡುತ್ತಿರುವ ಮನೆಯಲ್ಲಿ ಈ ಕೂಟ ಇಟ್ಟುಕೊಳ್ಳಬೇಡಿ. ನಾವು ಇಟ್ಟುಕೊಂಡಿದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ.

ಸಹಾಯದ ಸಂಖ್ಯೆಗಳನ್ನು ಕೈಯಲ್ಲಿಟ್ಟುಕೊಳ್ಳಿ

ಏಳೆಂಟು ಹೆಂಗಸರು ಸೇರಿದ ಕೋಣೆಯಲ್ಲಿ ಸೆಲೆಸ್ಟ್‌ಳ ಕಥೆ ಯಾರದೋ ಸ್ವಂತ ಕಥೆಯಾಗಿರಬಹುದು. ಆ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಪುಸ್ತಕವನ್ನು ಬಳಗಕ್ಕೆ ತರಬಾರದು.

ಆಸ್ಟ್ರೇಲಿಯಾದಲ್ಲಿ ಜೀವಕ್ಕೆ ಅಪಾಯವಿದ್ದರೆ 000. ಹಗಲು ರಾತ್ರಿ ಯಾವಾಗ ಬೇಕಾದರೂ ಸಲಹೆಗೆ 1800 737 732. ಇಂಗ್ಲಿಷಿನಲ್ಲಿ ಹೇಳಿಕೊಳ್ಳುವುದು ಕಷ್ಟವೆನಿಸಿದರೆ 131 450ಕ್ಕೆ ಕರೆ ಮಾಡಿ ದುಭಾಷಿ ಬೇಕೆಂದು ಕೇಳಬಹುದು. 2024ರ ಜುಲೈ 1ರಿಂದ ನ್ಯೂ ಸೌತ್ ವೇಲ್ಸ್‌ನಲ್ಲಿ ಹೊಡೆತವಷ್ಟೇ ಅಲ್ಲದೆ, ಹಣ, ಫೋನು, ಓಡಾಟ, ಗೆಳೆತನ ಎಲ್ಲವನ್ನೂ ಬಿಗಿಹಿಡಿದು ಸಂಗಾತಿಯನ್ನು ಅಂಕೆಯಲ್ಲಿಡುವುದೂ ಅಪರಾಧವಾಗಿದೆ. ಗಂಡನ ಆಧಾರದ ಮೇಲೆ ಪಾರ್ಟ್‌ನರ್ ವೀಸಾಕ್ಕೆ ಅರ್ಜಿ ಹಾಕಿದವರು, ಬಿಟ್ಟು ಬಂದರೆ ದೇಶವನ್ನೇ ಬಿಡಬೇಕಾಗುತ್ತದೆ ಎಂದು ಹೆದರಿ ಸಹಿಸಿಕೊಂಡಿರುತ್ತಾರೆ. ಹಿಂಸೆಯ ಕಾರಣಕ್ಕೆ ಸಂಬಂಧ ಮುರಿದವರಿಗೆ ವಲಸೆ ಕಾನೂನಿನಲ್ಲಿ ವಿಶೇಷ ಅವಕಾಶವಿದೆ. ಅರ್ಹ ವಲಸೆ ವಕೀಲರನ್ನು ಕೇಳದೆ ಅವರಾಗಿ ಯಾವ ತೀರ್ಮಾನಕ್ಕೂ ಬರುವುದು ಬೇಡ.

ಕರ್ನಾಟಕದಲ್ಲಿ ಓದುವ ಬಳಗಗಳಿಗೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಕಾಯ್ದೆ ಮಾತಿನ ಹಿಂಸೆಯನ್ನೂ ಹಣ ಕೊಡದೆ ಸತಾಯಿಸುವುದನ್ನೂ ಒಳಗೊಂಡಿದೆ. ಹೆಂಗಸರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ, ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು.

ಈ ಸಂಖ್ಯೆಗಳನ್ನು ಗುಂಪಿನ ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಫೋನನ್ನು ಬೇರೆಯವರು ನೋಡುವ ಮನೆಗಳಿವೆ. ಚೀಟಿಯಲ್ಲಿ ಬರೆದು ಬಚ್ಚಲುಮನೆಯ ಕನ್ನಡಿಗೆ ಅಂಟಿಸಿ. ಬೇಕಾದವರು ಯಾರ ಕಣ್ಣಿಗೂ ಬೀಳದೆ ನೆನಪಿಟ್ಟುಕೊಳ್ಳುತ್ತಾರೆ.

ಧಾರಾವಾಹಿಯನ್ನು ಆಮೇಲೆ ನೋಡಿ

ಅಮೆರಿಕದ ಟಿವಿ ವಾಹಿನಿ ಎಚ್‌ಬಿಒ 2017ರಲ್ಲಿ ಇದನ್ನು ಧಾರಾವಾಹಿ ಮಾಡಿತು. ಕಥೆ ಸಿಡ್ನಿಯಿಂದ ಕ್ಯಾಲಿಫೋರ್ನಿಯಾದ ಮಾಂಟೆರೇ ಊರಿಗೆ ಹೋಯಿತು. ನಿಕೋಲ್ ಕಿಡ್‌ಮನ್ ಸೆಲೆಸ್ಟ್ ಆಗಿ, ರೀಸ್ ವಿದರ್‌ಸ್ಪೂನ್ ಮ್ಯಾಡೆಲಿನ್ ಆಗಿ ನಟಿಸಿದ್ದಾರೆ. ಕಿಡ್‌ಮನ್ ನಟನೆ ಮರೆಯುವಂಥದ್ದಲ್ಲ. ಆದರೂ ಪುಸ್ತಕದ ನಗು ಅದರಲ್ಲಿ ಕಡಿಮೆ. ಬಾನಿಯ ಬಾಲ್ಯದ ವಿಷಯವಾಗಿ ಕಾದಂಬರಿ ಕೊನೆಯಲ್ಲಿ ಹೇಳುವ ಮಾತು ಧಾರಾವಾಹಿಯ ಮೊದಲ ಸೀಸನ್‌ನಲ್ಲಿ ಬಿಟ್ಟುಹೋಗಿದೆ. ಅದಿಲ್ಲದೆ ಆ ರಾತ್ರಿಯ ಅರ್ಥವೇ ಬದಲಾಗುತ್ತದೆ. ನಾಲ್ಕು ಕೂಟ ಮುಗಿದ ಮೇಲೆ ನೋಡಿ.

ಕೊನೆಯ ಕೂಟ

ಆ ದಿನ ಬೇಗ ಸೇರಿ, ಮಕ್ಕಳನ್ನು ಬೇರೆ ಕಡೆ ಬಿಟ್ಟು ಬನ್ನಿ. ಸತ್ತದ್ದು ಯಾರು ಎಂಬ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ನೋಟ್‌ಬುಕ್ ತೆರೆದು ಪೆನ್ಸಿಲಿನ ಗುರುತಿನ ಪುಟಕ್ಕೆ ಹೋಗಿ. ಮಕ್ಕಳಿಗೆ ಏನು ಗೊತ್ತಿತ್ತು ಎಂದು ಈಗ ಬರೆಯಿರಿ. ಬಾನಿಯ ಪುಟವನ್ನು ಕೊನೆಗೆ ಇಟ್ಟುಕೊಳ್ಳಿ. ಯೋಗ ಮಾಡಿಕೊಂಡು, ಮೆತ್ತಗೆ ಮಾತನಾಡಿಕೊಂಡಿದ್ದ ಅವಳ ಬಗ್ಗೆ ನೋಟ್‌ಬುಕ್ಕಿನಲ್ಲಿ ನಾವು ಅಲ್ಲಿಯವರೆಗೆ ಬರೆದಿದ್ದು ಎರಡೇ ಸಾಲು. ಆ ರಾತ್ರಿ ಹಾಜರಿದ್ದವರೆಲ್ಲ ಸೇರಿ ಇನ್ನೊಂದು ಸುಳ್ಳು ಹೇಳಲು ಹೊರಡುತ್ತಾರೆ. ಅದು ಮೊದಲಿನ ಸುಳ್ಳುಗಳಂಥದ್ದೇ, ಬೇರೆಯೇ ಎಂದು ನಮ್ಮಲ್ಲಿ ಎರಡು ಗಂಟೆ ವಾದವಾಯಿತು, ಇನ್ನೂ ಒಮ್ಮತಕ್ಕೆ ಬಂದಿಲ್ಲ. ಕಾಫಿ ಆರಿದರೂ ಯಾರೂ ಎದ್ದು ಹೋಗಲಿಲ್ಲ.

ಒಂದು ಮಾತು ಉಳಿದಿದೆ. ಎರಡನೆಯ ಕೂಟದ ಮಾರನೆಯ ದಿನ ನಮ್ಮ ಬಳಗದ ಒಬ್ಬರು ಫೋನ್ ಮಾಡಿ, “ಅಕ್ಕಾ, ನನ್ನ ಪ್ರತಿಯನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೀರಾ? ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ಅಲ್ಲೇ ಓದಿಕೊಳ್ಳುತ್ತೇನೆ” ಎಂದು ಕೇಳಿದರು. ನಾಲ್ಕು ವಾರ ಅವರು ನಮ್ಮ ಅಡುಗೆಮನೆಯ ಮೇಜಿನ ಬಳಿ ಕುಳಿತು ಓದಿದರು. ನಾನು ಕಾಫಿ ಮಾಡಿಕೊಟ್ಟು ನನ್ನ ಕೆಲಸ ನೋಡಿಕೊಂಡೆ. ಅವರು ಒಂದು ದಿನ ತಾವಾಗಿ ಮಾತನಾಡಿದರು. ಅದು ಅವರ ಮಾತು, ಇಲ್ಲಿ ಬರೆಯುವುದಿಲ್ಲ. ನಿಮ್ಮ ಬಳಗದಲ್ಲೂ ಯಾರಾದರೂ ಪುಸ್ತಕವನ್ನು ನಿಮ್ಮಲ್ಲಿ ಬಿಟ್ಟುಹೋಗುತ್ತೇನೆ ಎಂದರೆ ಹೂಂ ಎನ್ನಿ, ಕಾರಣ ಕೇಳಬೇಡಿ, ಬೆಳಗ್ಗೆ ಒಂಬತ್ತೂವರೆಗೆ ಬಾಗಿಲು ತೆರೆದಿಡಿ.